ರಟ್ಟಿನ ವಿಮಾನ

ಮಾಮ ಅಂದರೆ ಎರಡನೆಯ ತಂದೆ. ಮೋಹಿನಿಬಾಯಿ ಹೇಳಿದ ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡವಳ ಹಾಗೆ ರಾಚವ್ವ ಆ ದಿನ ಮುಂಬಯಿ ತೋರಿಸಲು ಮನೆಯವರ ಸಂಗಡ ಹೊರಟಿದ್ದಳು.

ಆ ಮಾತು ಬಂದದ್ದು ಚಾಳಿನ ನಲ್ಲಿಯ ಹತ್ತಿರ. ಊರಿನಿಂದ ಅತ್ತೆ ಬಸಲಿಂಗವ್ವ, ಗಂಡನ ಅಕ್ಕ ರುದ್ರವ್ವ, ರುದ್ರವ್ವನ ಮಗಳು ಸೇವಂತಿ ಬಂದು ಒಂದು ದಿನವಾಗಿತ್ತು. ಬಸಲಿಂಗವ್ವನ ಊರು ಇಂಡಿಯ ಕಡೆ, ಭೀಮಾ ಹೊಳೆಯ ಈಚೆಗೆ. ರುದ್ರವ್ವನನ್ನು ಕೊಟ್ಟದ್ದು ಹೊಳೆಯ ಆಚೆಗೆ. ನಿಜಾಮನ ಆಳ್ವಿಕೆ ಹೋಗಿ ಐದಾರು ವರ್ಷವಾಗಿದ್ದರೂ ಜನ ಆ ಕಡೆಯನ್ನು ಇನ್ನೂ ಮೊಗಲಾಯಿ ಎಂದೇ ಕರೆಯುತ್ತಿದ್ದರು. ಹೊಳೆ ದಾಟಿದರೆ ಬೇರೆ ರಾಜ್ಯ, ಬೇರೆ ಕಾಯಿದೆ. ಸೇವಂತಿಗಂತೂ ಮುಂಬಯಿ ಎಂದರೆ ಪರದೇಶವೇ.

ಮುಂಬಯಿ ನೋಡಲು ಬಂದಿದ್ದೇವೆ ಎಂದು ಅವರು ಹೇಳಿದರು. ಆದರೆ ದಾದರ್ ಸ್ಟೇಶನ್ನಿನಲ್ಲಿ ಸೇವಂತಿ ಗಾಡಿಯಿಂದ ಇಳಿದ ಗಳಿಗೆಯಲ್ಲೇ ರಾಚವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದಳು. ಹದಿನೇಳರ ಹುಡುಗಿ. ಹೊಸ ಇಳಕಲ್ ಸೀರೆ, ಎರಡೂ ಕೈತುಂಬ ಹಸಿರು ಬಳೆ, ಎಣ್ಣೆ ಹಚ್ಚಿ ಬಿಗಿದ ಹೆರಳು. ಪಟ್ಟಣ ನೋಡಲು ಬರುವ ಹುಡುಗಿಗೆ ಇಷ್ಟು ಸಿಂಗಾರ ಏತಕ್ಕೆ? ತನ್ನ ಗಂಡ ಈರಣ್ಣನಿಗೆ ಎರಡನೆಯ ಹೆಂಡತಿಯಾಗಿ ಕೊಡಲು ಇವಳನ್ನು ಕರೆತಂದಿದ್ದಾರೆ ಎಂದು ಅವಳ ಮನಸ್ಸು ಹೇಳಿತು. ಮರುದಿನ ನಲ್ಲಿಯ ಮುಂದೆ ಕೊಡ ಇಟ್ಟು ಕುಳಿತಾಗ ತಡೆಯಲಾರದೆ ಅದನ್ನು ನೆರೆಮನೆಯ ಮೋಹಿನಿಬಾಯಿಗೆ ಹೇಳಿಬಿಟ್ಟಳು.

ಮೋಹಿನಿಬಾಯಿ ರತ್ನಾಗಿರಿ ಕಡೆಯವಳು. ಅವಳು ಮೊದಲು ನಕ್ಕಳು. ಆಮೇಲೆ ಎರಡೂ ಕೆನ್ನೆ ಬಡಿದುಕೊಂಡಳು.

"ಅಗ ವೇಡೇ! ಮಾಮಾ-ಭಾಚೀ ನಾ ತೀ? ಮಾಮಾ ಮ್ಹಣಜೇ ದುಸರಾ ಬಾಪ್!"

ಸೋದರಮಾವನಿಗೆ ಅಕ್ಕನ ಮಗಳು ಹೊಟ್ಟೆಯ ಮಗಳಿದ್ದ ಹಾಗೆ, ಅಂಥ ಯೋಚನೆ ಮಾಡುವುದೂ ಪಾಪ, ಹುಚ್ಚಿಯ ಹಾಗೆ ಅಳಬೇಡ ಎಂದು ಬೈದು ತನ್ನ ಪಾಳಿಯನ್ನು ರಾಚವ್ವನಿಗೆ ಬಿಟ್ಟುಕೊಟ್ಟಳು.

ರಾಚವ್ವ ಕೊಡ ತುಂಬಿಕೊಂಡಳು. ತನ್ನ ಸೀಮೆಯಲ್ಲಿ ಅಕ್ಕನ ಮಗಳನ್ನು ಮೊದಲು ಕೇಳುವವನೇ ಸೋದರಮಾವ, ಅವನು ಒಲ್ಲೆ ಅಂದ ಮೇಲೆಯೇ ಹೊರಗಿನ ಗಂಡು ಎಂದು ಇವಳಿಗೆ ಹೇಗೆ ಹೇಳುವುದು? ರಾಚವ್ವನ ಸ್ವಂತ ಅಕ್ಕನನ್ನು ಕೊಟ್ಟದ್ದೂ ಸೋದರಮಾವನಿಗೇ. ಹೇಳಿದರೆ ಮೋಹಿನಿಬಾಯಿ ನಾಳೆಯಿಂದ ತನ್ನ ಕಡೆ ಬೇರೆ ಕಣ್ಣಿನಿಂದ ನೋಡಿಯಾಳು. ಆದರೂ ಆ ಬೈಗಳಿನಿಂದ ಅವಳಿಗೆ ಎಷ್ಟೋ ಸಮಾಧಾನವಾಯಿತು. ಈರಣ್ಣ ಬಹಳ ಕಾಲದಿಂದ ಈ ಜನರ ನಡುವೆ ಇದ್ದವನು. ಇವರ ಹಾಗೆ ಟೊಪ್ಪಿಗೆ ಇಡುತ್ತಾನೆ, ಇವರ ಹಾಗೆ ಚಹಾ ಬಸಿಗೆ ಸುರಿದು ಕುಡಿಯುತ್ತಾನೆ. ಇವರ ಪಾಪಪುಣ್ಯವೂ ಅವನಿಗೆ ಸ್ವಲ್ಪ ಅಂಟಿರಬಹುದಲ್ಲವೆ?

ರಾಚವ್ವ ಬಾಗೇವಾಡಿ ಕಡೆಯ ಹುಡುಗಿ. ಹದಿನೈದು ತುಂಬುವ ಮೊದಲೇ ಈ ಚಾಳಿನ ಒಂದೇ ಕೋಣೆಯ ಖೋಲಿಗೆ ಬಂದವಳು. ಮೊದಮೊದಲು ಲೋಕಲ್ ಗಾಡಿಯ ಸದ್ದಿಗೆ ಹಾಸಿಗೆಯಲ್ಲಿ ಎದ್ದು ಕೂಡುತ್ತಿದ್ದಳು. ಭಾಜಿ ಮಾರುವವರ ಹತ್ತಿರ ಮರಾಠಿ ಕಲಿತಳು. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿ ಗ್ಯಾಲರಿಯ ಮಕ್ಕಳು ಓಡಿ ಬರುತ್ತಿದ್ದರು. ಈರಣ್ಣ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಉಳಿಯುವ ಚೂರುಗಳನ್ನು ಅವನು ತಂದುಕೊಟ್ಟರೆ ಅವಳು ಕೌದಿ ಹೊಲಿಯುತ್ತಿದ್ದಳು. ಚಾಳಿನಲ್ಲಿ ಯಾರೇ ಹಡೆಯಲಿ, ಕೂಸು ಮಲಗುವುದು ರಾಚವ್ವನ ಕೌದಿಯ ಮೇಲೆ. ಅವಳಿಗೆ ಒಂದು ಹೆಣ್ಣು ಏಳು ತಿಂಗಳಿಗೇ ಹುಟ್ಟಿ, ಒಂದು ಸಂಜೆ ಉಸಿರಾಡಿ ಹೋಗಿತ್ತು. ಆಮೇಲೆ ಏನೂ ಇಲ್ಲ. ದವಾಖಾನೆಯ ಡಾಕ್ಟರಬಾಯಿ ಬಹಳ ವರ್ಷದ ಹಿಂದೆ ಪರೀಕ್ಷೆ ಮಾಡಿ, ನಿನ್ನಲ್ಲಿ ಈಗ ಏನೂ ಊನವಿಲ್ಲ, ನಿನ್ನ ಗಂಡನನ್ನು ಒಮ್ಮೆ ಕಳಿಸು ಎಂದಿದ್ದಳು. ಊಟಕ್ಕೆ ಕೂತಾಗ ರಾಚವ್ವ ಅದನ್ನು ಹೇಳಿದಳು. ಈರಣ್ಣ ಊಟ ಮುಗಿಸಿದ, ಕೈತೊಳೆದುಕೊಂಡ, ಗ್ಯಾಲರಿಗೆ ಹೋಗಿ ನಿಂತ. ಅವಳು ಮತ್ತೆ ಹೇಳಲಿಲ್ಲ.

ಬಸಲಿಂಗವ್ವ ಎರಡನೆಯ ಲಗ್ನದ ಮಾತು ತೆಗೆದದ್ದು ಹೋದ ವರ್ಷ. ಆಗ ಈರಣ್ಣ, "ಆಕಿ ತನ್ನ ಬಾಯಿಲೆ ಹೂಂ ಅನ್ನೂತನಾ ನಾ ಒಲ್ಲೆ" ಎಂದಿದ್ದ. ಅಂದಿನಿಂದ ರಾಚವ್ವನಿಗೆ ಉಳಿದ ಆಸ್ತಿ ಅಷ್ಟೇ. ತಾನು ಹೂಂ ಅನ್ನಬಾರದು, ಅವನು ಆ ಮಾತು ಬಿಡಬಾರದು.

ಅಂಗಡಿಗೆ ರಜೆ ಇದ್ದ ದಿನ ಐವರೂ ಟ್ರಾಮ್ ಹತ್ತಿದರು. ಬಸಲಿಂಗವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು, ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಂಬಿಯನ್ನು ಬಿಗಿಹಿಡಿದಿದ್ದಳು.

"ಎತ್ತಿಲ್ಲ, ಕುದುರಿಲ್ಲ. ಎದರ ಮ್ಯಾಲ ನಡೀತೈತೋ ಈರಾ ಇದು?"

"ಕರೆಂಟಿನ ಮ್ಯಾಲ ಅವ್ವಾ. ಮ್ಯಾಲಿನ ತಂತ್ಯಾಗಿಂದ ಬರ್ತೈತಿ."

"ತಂತಿ ಹರದ್ರ?"

"ಇಲ್ಲೇ ಕುಂತು ಬುತ್ತಿ ಬಿಚ್ಚೂದು."

ಎಲ್ಲರೂ ನಕ್ಕರು. ರಾಚವ್ವನೂ ನಕ್ಕಳು. ಟ್ರಾಮಿಗೆ ಮೇಲೊಂದು ಮಾಳಿಗೆ ಇದೆ ಎಂದು ಗೊತ್ತಾದ ಕೂಡಲೆ ಸೇವಂತಿ ಹತ್ತಿ ಹೋದಳು. ಈರಣ್ಣ ಹಿಂದೆಯೇ ಹೋಗಿ ತೋರಿಸತೊಡಗಿದ. "ಸೇವಂತಿ, ಅಲ್ನೋಡು ಗಿರಣಿ ಚಿಮಣಿ. ಸೇವಂತಿ, ಕೈ ಹೊರಗ ಹಾಕಬ್ಯಾಡ." ಕೆಳಗೆ ಕುಳಿತ ರಾಚವ್ವ ಕಿವಿಗೊಟ್ಟು ಕೇಳಿದಳು. ಅವನು ಹುಡುಗಿಯ ಹೆಸರು ಕರೆದಷ್ಟು ಸಲವೂ ಅವಳ ಎದೆ ಹಗುರಾಗುತ್ತಿತ್ತು.

ಅದಕ್ಕೆ ಕಾರಣವಿತ್ತು. ಅವರ ಕಡೆ ಗಂಡ ಹೆಂಡತಿಯ ಹೆಸರು ಹಿಡಿಯುವುದಿಲ್ಲ. ಲಗ್ನ ಗೊತ್ತಾದ ಹುಡುಗಿಯ ಹೆಸರೂ ಗಂಡಿನ ಬಾಯಲ್ಲಿ ಬರುವುದಿಲ್ಲ. ಈರಣ್ಣ ಇಷ್ಟು ವರ್ಷದಲ್ಲಿ ಒಮ್ಮೆಯೂ ರಾಚವ್ವ ಎಂದು ಕರೆದವನಲ್ಲ. "ಏ, ಇಲ್ಲೆ" ಅಂದರೆ ಅವಳೇ. ಬಜಾರದ ಎಂಥ ಗದ್ದಲದಲ್ಲೂ ಆ ಎರಡು ಮಾತಿಗೆ ಅವಳು ತಿರುಗುತ್ತಿದ್ದಳು. ಸೇವಂತಿ, ಸೇವಂತಿ ಎಂದು ಬಾಯಿತುಂಬ ಕರೆಯುವತನಕ ಸೇವಂತಿ ಅವನಿಗೆ ಅಕ್ಕನ ಕೂಸೇ.

ಇಳಿಯುವಾಗ ಬಸಲಿಂಗವ್ವ ಮಗನಿಗೆ ಮೆಲ್ಲಗೆ ಹೇಳಿದಳು: "ಬೀದ್ಯಾಗ ಹಂಗ ಹೆಸರ ಹಿಡದು ಒದರಬ್ಯಾಡೋ." ರಾಚವ್ವನಿಗೆ ಅದು ಕೇಳಿಸಿತು. ಕೇಳಿಸದವಳ ಹಾಗೆ ಚಪ್ಪಲಿ ಸರಿಮಾಡಿಕೊಂಡಳು.

ರಾಣೀಬಾಗಿನ ಮೃಗಾಲಯದಲ್ಲಿ ಸೇವಂತಿ ಆನೆ ನೋಡಿ ಕೈಮುಗಿದಳು, ಹುಲಿ ನೋಡಿ ಮೂಗು ಮುಚ್ಚಿದಳು.

"ಮಾಮಾ, ಹುಲಿ ಇಷ್ಟ ನಾರತೈತಿ ಅಂತ ನಂಗೊತ್ತ ಇರಲಿಲ್ಲ."

"ಅದಕ್ಕೂ ನಿಮ್ಮ ಊರಿನ ವಾಸನಿ ಬಂದಿರಬೇಕು ನೋಡು, ಬೆನ್ನು ತಿರುವೇತಿ," ಎಂದ ಈರಣ್ಣ. ಹುಡುಗಿ ಬಿದ್ದು ಬಿದ್ದು ನಕ್ಕಳು. ರುದ್ರವ್ವ ಮಗಳ ತೋಳು ಚಿವುಟಿದಳು. "ಹಲ್ಲ ಕಿಸೀಬ್ಯಾಡ. ಸೆರಗ ಹೊಚ್ಚಿಕೋ."

ಮಂಗಗಳ ಪಂಜರದ ಎದುರಿನ ಮರದಡಿ ಬುತ್ತಿ ಬಿಚ್ಚಿದರು. ಹೊಟೆಲಿನ ಅನ್ನವನ್ನು ಬಸಲಿಂಗವ್ವ ಮುಟ್ಟುತ್ತಿರಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಪಂಜರದಲ್ಲಿ ಒಂದು ಹೆಣ್ಣು ಮಂಗ ಮರಿಯನ್ನು ಹೊಟ್ಟೆಗವಚಿಕೊಂಡು ಕುಳಿತು ಇವರ ರೊಟ್ಟಿಯನ್ನೇ ನೋಡುತ್ತಿತ್ತು.

"ಮಂಗ್ಯಾಗೂ ಒಂದ ಐತಿ," ಎಂದಳು ಬಸಲಿಂಗವ್ವ, ಯಾರಿಗೂ ಅಲ್ಲದ ಹಾಗೆ.

ರಾಚವ್ವನ ಕೈ ತುತ್ತಿನ ಮೇಲೆಯೇ ನಿಂತಿತು. ಈರಣ್ಣ ತಲೆ ಎತ್ತದೆ, "ಹಿಂಡಿ ಕೊಡು ಇಲ್ಲೆ ಅವ್ವಾ" ಎಂದು ಮಾತು ಮುರಿದ. ಅವನು ತನ್ನ ಪರವಾಗಿ ಇಷ್ಟಾದರೂ ಮಾಡಿದ ಎಂದು ರಾಚವ್ವ ಆ ತುತ್ತನ್ನು ನುಂಗಿದಳು.

ಮಧ್ಯಾಹ್ನ ಬಸ್ಸು ಹಿಡಿದು ಮಲಬಾರ್ ಹಿಲ್ಲಿಗೆ ಹೋದರು. ಅಲ್ಲಿನ ತೋಟದಲ್ಲಿ ಮಕ್ಕಳಿಗಾಗಿ ಕಟ್ಟಿದ ಬೂಟಿನ ಆಕಾರದ ಮನೆ ಇತ್ತು. ಒಳಗೆ ಮೆಟ್ಟಿಲು, ಮೇಲೆ ಕಿಟಕಿ. ಬಸಲಿಂಗವ್ವ ಕಾಲು ನೋಯುತ್ತವೆ ಎಂದು ದೂರದ ಬೆಂಚಿನ ಮೇಲೆ ಕುಳಿತಳು. "ಈರಾ, ನೀ ಇಲ್ಲೇ ಇರು. ರುದ್ರೀ, ನೀನೂ ಕುಂದ್ರು. ಅವರಿಬ್ಬರು ಹೋಗಿ ನೋಡಿ ಬರ್ಲಿ."

ಸೇವಂತಿ ರಾಚವ್ವನ ಕೈಹಿಡಿದು ಎಳೆದಳು. "ಬರ್ರಿ ರಾಚತ್ತಿ, ಬೂಟಿನ್ಯಾಗ ಹತ್ತೂಣು." ಸಣ್ಣ ಸಣ್ಣ ಮಕ್ಕಳ ನಡುವೆ ಸೀರೆ ಎತ್ತಿ ಹಿಡಿದು ಇಬ್ಬರೂ ಹತ್ತಿದರು. ಮೇಲೆ ಕಿಟಕಿಯ ಹತ್ತಿರ ಬಂದ ಮೇಲೆ ಹುಡುಗಿಯ ನಗು ನಿಂತಿತು.

"ರಾಚತ್ತಿ, ಒಂದ ಮಾತ ಕೇಳ್ಲ್ಯಾ? ನಮ್ಮವ್ವ ನನ್ನ ಇಲ್ಲೇ ಬಿಟ್ಟು ಹೋಗತಾಳೇನ್ರಿ?"

"ಯಾರಂದ್ರವಾ?"

"ಯಾರೂ ಅಂದಿಲ್ರಿ. ನನ್ನ ಮುಂದ ಯಾರ ಹೇಳತಾರ? ಅಜ್ಜಿ ಮತ್ತ ಅವ್ವ ರೇಲ್ವೇದಾಗ ಗುಸುಗುಸು ಮಾಡತಿದ್ರು. ನನ್ನ ಎಮ್ಮಿ ಈಯೂ ಹೊತ್ತು ಬಂದೈತ್ರಿ. ನಾ ಕುಂತ್ರ ಅಷ್ಟ ಅದು ಹಾಲ ಕೊಡತೈತಿ, ಬ್ಯಾರೇದವರು ಹೋದ್ರ ಒದೀತೈತಿ."

ಈ ಹುಡುಗಿಯನ್ನು ಎರಡು ದಿನದಿಂದ ಒಳಗೊಳಗೇ ಶಪಿಸುತ್ತಿದ್ದ ರಾಚವ್ವ ಈಗ ಅವಳ ಸೆರಗು ಸರಿಮಾಡಿದಳು. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ದೂರದಲ್ಲಿ ಬೆಂಚಿನ ಮೇಲೆ ಮೂವರು. ಬಸಲಿಂಗವ್ವನ ಕೈ ಒಂದೇ ಸಮನೆ ಆಡುತ್ತಿತ್ತು. ರುದ್ರವ್ವ ಸೆರಗಿನಿಂದ ಕಣ್ಣೊರಸಿಕೊಂಡಳು. ನಡುವೆ ಕುಳಿತ ಈರಣ್ಣ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಸುತ್ತ ತಿರುಗಿಸುತ್ತಿದ್ದ. ಬಹಳ ಹೊತ್ತು ತಿರುಗಿಸಿದ. ಕಡೆಗೆ ಅದನ್ನು ತಲೆಯ ಮೇಲಿಟ್ಟುಕೊಂಡು ಎದ್ದು ನಿಂತ. ಒಂದು ಮಾತು ಕೂಡ ಇಲ್ಲಿಗೆ ಕೇಳುತ್ತಿರಲಿಲ್ಲ.

"ನಡಿ ಇಳಿಯೂಣು, ಮಕ್ಕಳು ಕಾಯಾಕತ್ಯಾವ," ಎಂದಳು ರಾಚವ್ವ.

ಚೌಪಾಟಿಯ ಕಡಲದಂಡೆಗೆ ಬಂದಾಗ ಬಿಸಿಲು ಇಳಿದಿತ್ತು. ಮರಳಿನ ಮೇಲೆ ಜಾತ್ರೆಯಷ್ಟು ಜನ. ಇಷ್ಟು ನೀರು ಒಂದೇ ಕಡೆ ನಿಂತದ್ದನ್ನು ಮೊದಲು ನೋಡಿದ ಸೇವಂತಿ ಚಪ್ಪಲಿ ಬಿಟ್ಟು ಓಡಿದಳು. ನೀರು ಬೆರಳಿನಿಂದ ಮುಟ್ಟಿ ನೆಕ್ಕಿ ಉಗಿದಳು, ಮತ್ತೆ ಮುಂದೆ ಹೋದಳು. ತೆರೆ ಮೊಣಕಾಲಿಗೆ ಬಂತು. ಮುಂದಿನದು ಇನ್ನೂ ದೊಡ್ಡದಿತ್ತು.

ಈರಣ್ಣ ಎದ್ದು ನಿಂತು ಕೂಗಿದ.

"ಏ! ಏ, ಇಲ್ಲೆ!"

ರಾಚವ್ವ ಅರ್ಧ ಎದ್ದಿದ್ದಳು. ಎಂದಿನಂತೆ ಅವಳ ಮೈ ತಾನಾಗಿಯೇ ಎದ್ದಿತ್ತು. ಏನ್ರೀ ಎನ್ನಲು ಬಾಯಿ ತೆರೆದಾಗ ಅವನು ತನ್ನ ಕಡೆ ನೋಡುತ್ತಿಲ್ಲ ಎಂಬುದು ತಿಳಿಯಿತು. ಅವನ ಕಣ್ಣು ನೀರಿನ ಕಡೆ ಇತ್ತು.

"ಏ, ಇಲ್ಲೆ! ಕೇಳಸೂದಿಲ್ಲೇನ? ಸರದು ಬಾ!"

ಸೇವಂತಿ ತಿರುಗಲಿಲ್ಲ. ಆ ಕರೆ ತನಗೆ ಎಂದು ಅವಳಿಗೇನು ಗೊತ್ತು? ಬೆಳಗ್ಗೆ ಅಷ್ಟು ಸಲ ಕರೆದ ಹೆಸರು ಅವನ ಬಾಯಿಗೆ ಈಗ ಬರುತ್ತಿರಲಿಲ್ಲ. ಅವನು ಕೈಬೀಸಿದ, ಏ ಎಂದ, ಮತ್ತೆ ಏ ಎಂದ. ಕೊನೆಗೆ ರಾಚವ್ವನೇ ಎದ್ದು ನಿಂತು ಗಂಟಲು ಬಿರಿಯುವ ಹಾಗೆ ಕೂಗಿದಳು.

"ಸೇವಂತೀ!"

ಹುಡುಗಿ ತಿರುಗಿ ನೋಡಿ, ಸೀರೆ ಹಿಂಡಿಕೊಳ್ಳುತ್ತ ದಂಡೆಗೆ ಬಂದಳು.

ರಾಚವ್ವ ಮರಳಿನ ಮೇಲೆ ಕುಳಿತಳು. ಬಸಲಿಂಗವ್ವ ಸರಿದು ಅವಳ ಪಕ್ಕಕ್ಕೆ ಬಂದಳು. ಹಗಲೆಲ್ಲ ಇಲ್ಲದ ಮೆತ್ತನೆಯ ದನಿ ಅವಳಿಗೆ ಈಗ ಬಂದಿತ್ತು.

"ನಿನ್ನ ಯಾರೂ ಹೊರಗ ಹಾಕೂದಿಲ್ಲವಾ. ದೊಡ್ಡಾಕಿ ನೀನ. ಒಲಿ ನಿಂದ, ಕೀಲಿಕೈ ನಿಂದ. ನಾಳೆ ಹುಟ್ಟೂದು ನಿನ್ನ ಕೌದಿ ಮ್ಯಾಲೇ ಮಲಗತೈತಿ. ಅಂವ ಹೂಂ ಅಂದಾನ. ನೀ ಹೂಂ ಅಂದ್ರ ಮುಗೀತು."

"ಇಲ್ಲೆ ಸರಕಾರದವರು ಬಿಡೂದಿಲ್ಲಂತ, ಅತ್ತಿ. ಎರಡನೇ ಲಗ್ನಾ ಮಾಡ್ಕೊಂಡ್ರ ಹಿಡದು ಹಾಕ್ತಾರಂತ."

ರುದ್ರವ್ವ ನಡುವೆ ಬಾಯಿ ಹಾಕಿದಳು. "ಅದು ಮುಂಬೈ ಸರಕಾರದ ಕಾಯ್ದೆ. ನಮ್ಮ ಹೊಳಿ ಆಚೆ ಅದೆಲ್ಲ ಇನ್ನೂ ಬಂದಿಲ್ಲ. ಲಗ್ನದ ಅಕ್ಕಿಕಾಳು ಅಲ್ಲೇ ಬೀಳ್ತಾವ."

ಎಲ್ಲವನ್ನೂ ಊರಿನಲ್ಲಿ ಕುಳಿತೇ ಯೋಚಿಸಿಕೊಂಡು ಬಂದಿದ್ದರು. ರಾಚವ್ವ ಕೇಳಿದಳು: "ನಾ ಒಲ್ಲೆ ಅಂದ್ರ?"

"ಅಂದ್ರ ನಿಮ್ಮಣ್ಣಗ ಹೇಳಿ ಕಳಸ್ತೀನಿ. ಬಂದು ಕರಕೊಂಡು ಹೋಗ್ಲಿ."

ಅಣ್ಣನ ಮನೆಯಲ್ಲಿ ಅವನ ಹೆಂಡತಿ, ಮಕ್ಕಳು, ಮುದಿ ಅತ್ತೆ ಎಲ್ಲರೂ ಎರಡು ಅಂಕಣದಲ್ಲಿದ್ದರು. ಹೋದ ಸಲ ರಾಚವ್ವ ಹೋದಾಗ ಅತ್ತಿಗೆ ಬಂದ ದಿನವೇ ಹೋಗುವ ದಿನ ಕೇಳಿದ್ದಳು.

ರಾಚವ್ವ ಗಂಡನ ಕಡೆ ನೋಡಿದಳು. ಅವನು ಕೇಳುವಷ್ಟು ಹತ್ತಿರದಲ್ಲೇ ಕುಳಿತಿದ್ದ. ಇಷ್ಟು ವರ್ಷ ನುಂಗಿಟ್ಟ ಮಾತನ್ನು ಅವಳು ಅವನಿಗೇ ಕೇಳುವಂತೆ ಆಡಿದಳು.

"ಡಾಕ್ಟರಬಾಯಿ ಇವರನೂ ಒಮ್ಮೆ ಬರಾಕ ಹೇಳಿದ್ಲು..."

"ಏನಂದಿ?" ಬಸಲಿಂಗವ್ವನ ದನಿ ಮತ್ತೆ ಒರಟಾಯಿತು.

ಈರಣ್ಣ ಮುಷ್ಟಿ ತುಂಬ ಮರಳು ತೆಗೆದುಕೊಂಡು ಸೋರಲು ಬಿಟ್ಟ. ಅದೆಲ್ಲ ಸೋರಿ ಹೋದ ಮೇಲೆ ಮತ್ತೊಂದು ಮುಷ್ಟಿ ತೆಗೆದುಕೊಂಡ. ಅವನು ತಿರುಗಿ ನೋಡುತ್ತಾನೋ ಎಂದು ರಾಚವ್ವ ಕಾದಳು. ನೋಡಲಿಲ್ಲ. ಸ್ವಲ್ಪ ದೂರದಲ್ಲಿ ಸೇವಂತಿ ತೊಯ್ದ ಸೀರೆಯ ಅಂಚನ್ನು ಗಾಳಿಗೆ ಹಿಡಿದು ನಿಂತಿದ್ದಳು. ಊನ ಅವನಲ್ಲಿದ್ದರೆ ಮುಂದೆ ಒಂದು ದಿನ ಈ ಹುಡುಗಿಗೂ ಮಂಗನನ್ನು ತೋರಿಸುತ್ತಾರೆ ಎಂದು ರಾಚವ್ವನಿಗೆ ಅನಿಸಿತು.

"ಏನೂ ಇಲ್ಲ," ಎಂದಳು. ಆಮೇಲೆ, "ಹೂಂ" ಎಂದಳು.

ಬಸಲಿಂಗವ್ವ ಸೊಸೆಯ ಗದ್ದ ಹಿಡಿದು ಮುದ್ದಿಸಿದಳು. ಮದುವೆಯಾಗಿ ಬಂದ ದಿನದ ನಂತರ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ದಂಡೆಯ ಆಚೆ ಒಬ್ಬ ಫೋಟೋದವನು ಬಣ್ಣದ ಪರದೆ ಕಟ್ಟಿದ್ದ. ಪರದೆಯ ತುಂಬ ಮೋಡ. ಅದರ ಮುಂದೆ ರಟ್ಟಿನಲ್ಲಿ ಮಾಡಿದ ವಿಮಾನ, ಅದರಲ್ಲಿ ಇಬ್ಬರು ಕೂಡುವಷ್ಟು ಜಾಗ. "ಬಸಾ, ಬಸಾ! ಲಂಡನಲಾ ಚಲಾ!" ಎಂದು ಅವನು ಹೋಗುವವರನ್ನೆಲ್ಲ ಲಂಡನ್ನಿಗೆ ಕರೆಯುತ್ತಿದ್ದ. ರಾಚವ್ವ ಬಹಳ ಹಿಂದೆ, ಹೊಸದಾಗಿ ಬಂದಾಗ, ಇಂಥ ವಿಮಾನದಲ್ಲಿ ಕೂಡೋಣ ಎಂದು ಗಂಡನನ್ನು ಕೇಳಿದ್ದಳು. ಮುಂದಿನ ಸಲ ಎಂದಿದ್ದ.

"ಈರಾ, ಕುಂದ್ರು. ಇಕಿನೂ ಕುಂದ್ರಲಿ," ಎಂದು ಬಸಲಿಂಗವ್ವ ಮೊಮ್ಮಗಳನ್ನು ಮುಂದೆ ನೂಕಿದಳು. ರುದ್ರವ್ವ ಮಗಳ ಹೆರಳು ಮುಂದೆ ಎಳೆದು ಬಿಟ್ಟಳು. ಇಬ್ಬರೂ ವಿಮಾನದ ಎರಡು ಅಂಚಿಗೆ ಹೋಗಿ ಕುಳಿತರು. ಫೋಟೋದವನಿಗೆ ಅದು ಸರಿಬರಲಿಲ್ಲ. ಅವರು ಯಾರು ಎಂದು ಅವನು ರಾಚವ್ವನನ್ನು ಮರಾಠಿಯಲ್ಲಿ ಕೇಳಿದ.

"ಮಾಮಾ-ಭಾಚೀ," ಎಂದಳು ರಾಚವ್ವ.

"ವಾ! ಮಗ ಮಾಮಾಲಾ ಕಾಯ ಲಾಜತೇಸ, ಬಾಳ?" ಮಾಮನ ಹತ್ತಿರ ನಾಚಿಕೆ ಏನಮ್ಮಾ ಎಂದು ನಗುತ್ತ ಅವನು ಸೇವಂತಿಯನ್ನು ತೋಳು ಹಿಡಿದು ಸರಿಸಿದ. ಅವಳ ಕೈಯನ್ನು ಎತ್ತಿ ಈರಣ್ಣನ ಹೆಗಲ ಮೇಲಿಟ್ಟ. ಹಸಿರು ಬಳೆಗಳು ಒಮ್ಮೆ ಸದ್ದು ಮಾಡಿ ನಿಂತವು. ತಂದೆಯ ಹಾಗೆ ಅಲ್ಲವೆ ಎಂದು ಹೇಳುತ್ತಲೇ ಕರಿಯ ಬಟ್ಟೆಯೊಳಗೆ ತಲೆ ಹಾಕಿದ.

ಬಸಲಿಂಗವ್ವ ಎರಡು ಪ್ರತಿ ಬೇಕೆಂದಳು. ಒಂದು ಮೊಗಲಾಯಿಗೆ, ಒಂದು ದಾದರಿಗೆ.

ಮರಳುವಾಗ ಲೋಕಲ್ ಗಾಡಿಯಲ್ಲಿ ಹೆಂಗಸರ ಡಬ್ಬಿಗೆ ನಾಲ್ವರು ಹತ್ತಿದರು. ರುದ್ರವ್ವ ಮಗಳ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಹುಡುಗಿ ಎರಡು ಸ್ಟೇಶನ್ ದಾಟುವತನಕ ತನ್ನ ಉಗುರಿನೊಳಗಿನ ಮರಳು ತೆಗೆಯುತ್ತ ಕುಳಿತಿದ್ದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಅಕ್ಕಾ, ದಾದರ ಬಂತೇನ್ರಿ?"

ಮಧ್ಯಾಹ್ನದತನಕ ಅವಳು ರಾಚತ್ತಿ ಅನ್ನುತ್ತಿದ್ದಳು. ರಾಚವ್ವ ಕಿಟಕಿಯ ಹೊರಗೆ ನೋಡಿದಳು.

"ಇನ್ನೂ ಇಲ್ಲವಾ. ಬಂದಾಗ ಹೇಳ್ತೀನಿ."

ಅಕ್ಕನನ್ನು ಹೊಳೆ ದಾಟಿಸಿ ಬರುತ್ತೇನೆ ಎಂದು ಈರಣ್ಣ ಅಂಗಡಿಗೆ ರಜೆ ಹಾಕಿ ಅವರ ಸಂಗಡ ಹೋದ. ಹೋಗುವ ದಿನ ರಾಚವ್ವ ರೊಟ್ಟಿ ಬಡಿದು ಬುತ್ತಿ ಕಟ್ಟಿದಳು, ಅವನ ಒಳ್ಳೆಯ ಧೋತರವನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ಸೇವಂತಿ ಬಾಗಿಲಲ್ಲಿ ಅವಳ ಕಾಲಿಗೆ ಬಿದ್ದು ಏಳದೆ ಇದ್ದಾಗ ಅವಳೇ ಎಬ್ಬಿಸಿ, "ಎಮ್ಮಿ ಈದಿರತೈತಿ, ಹೋಗು, ನೋಡು" ಎಂದಳು.

ಫೋಟೋ ಅವರು ಹೋದ ಮೇಲೆ ಅಂಚೆಯಲ್ಲಿ ಬಂತು. ಸಕ್ಕರೆ ಕೇಳಲು ಬಂದ ಮೋಹಿನಿಬಾಯಿ ಡಬ್ಬಿಯ ಹಿಂದಿದ್ದ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಎಷ್ಟು ಚಂದ ಬಂದಿದೆ, ಮಾಮನ ಮೂಗೂ ಹುಡುಗಿಯ ಮೂಗೂ ಒಂದೇ ನೋಡು, ಮಗಳೆಂದರೂ ನಂಬುತ್ತಾರೆ ಎಂದಳು. ನೀನು ಸುಮ್ಮನೆ ಹೆದರಿ ಅತ್ತುಬಿಟ್ಟೆಯಲ್ಲ, ಹುಚ್ಚಿ, ಎಂದು ನಕ್ಕಳು.

ರಾಚವ್ವ ಸಕ್ಕರೆ ಅಳೆದು ಕೊಟ್ಟಳು. ಹೊಳೆಯ ಆಚೆ ನಡೆಯುವ ಲಗ್ನದ ಮಾತು ಹೇಳಲಿಲ್ಲ. ಚಾಳಿನ ಎಲ್ಲರಿಗೂ ಗೊತ್ತಾಗುವ ದಿನ ಹೇಗೂ ದೂರವಿರಲಿಲ್ಲ. ಈರಣ್ಣ ಬರುವತನಕ ಈ ಒಬ್ಬಳ ಕಣ್ಣಿಗಾದರೂ ತಾನು ಅವನ ಒಬ್ಬಳೇ ಹೆಂಡತಿ.

ಇಂಥ ಫೋಟೋ ಡಬ್ಬಿಯ ಹಿಂದೆ ಇಡುವುದೇ ಎಂದು ಮೋಹಿನಿಬಾಯಿ ತನ್ನ ಮನೆಯಿಂದ ಮೊಳೆಯನ್ನೂ ಕಲ್ಲನ್ನೂ ತಂದಳು. ತಾನೇ ಗೋಡೆಗೆ ಮೊಳೆ ಬಡಿದಳು. ರಾಚವ್ವ ಫೋಟೋವನ್ನು ಎರಡೂ ಕೈಯಿಂದ ಹಿಡಿದು, ಓರೆಯಾಗದ ಹಾಗೆ ತೂಗುಹಾಕಿದಳು.

"ಸರಳ ಆಹೇ ಕಾ?" ನೆಟ್ಟಗಿದೆಯೆ ಎಂದು ಕೇಳಿದಳು ಮೋಹಿನಿಬಾಯಿ.

ರಾಚವ್ವ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಹೂಂ," ಎಂದಳು.